ಭುಜ ಹಿಡಿದುಕೊಂಡಿದೆಯಾ? ಮೊದಲು ಕೇಳಿ: ಈಗ ಯಾವ ಹಂತ?

ದಾವಣಗೆರೆಯ ನಮ್ಮ ಮನೆಯ ಹಾಲ್‌ನಲ್ಲಿ, ಕ್ಯಾಲೆಂಡರ್ ಪಕ್ಕದ ಗೋಡೆ ಮೇಲೆ ಪೆನ್ಸಿಲ್ ಗೀಟುಗಳಿವೆ. ಒಂದೊಂದರ ಮುಂದೆ ಒಂದೊಂದು ತಾರೀಖು. ಬಂದವರು ಮಕ್ಕಳ ಎತ್ತರ ಅಳೆದದ್ದು ಅಂದುಕೊಳ್ಳುತ್ತಾರೆ. ಅದು ನನ್ನ ಬಲಗೈ ಲೆಕ್ಕ. ಗೋಡೆಗೆ ಬೆರಳು ಹಚ್ಚಿ ಎಲ್ಲಿವರೆಗೆ ಏರಿಸೋಕೆ ಆಯ್ತು ಅನ್ನೋದರ ಗುರುತು. ಎಲ್ಲಕ್ಕಿಂತ ಕೆಳಗಿನ ಗೀಟು ನನ್ನ ಗಲ್ಲದ ಮಟ್ಟಕ್ಕಿದೆ. ಎಲ್ಲಕ್ಕಿಂತ ಮೇಲಿನದು ಕ್ಯಾಲೆಂಡರ್ ತೂಗುಹಾಕಿದ ಮೊಳೆಗಿಂತ ಒಂದು ಗೇಣು ಮೇಲೆ. ಈ ಎರಡರ ನಡುವೆ 14 ತಿಂಗಳಿವೆ.

ನನಗೆ 52 ವರ್ಷ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶುಗರ್ ಬಂದು 7 ವರ್ಷ ಆಯ್ತು. ಒಂದು ದೀಪಾವಳಿ ಮುಗಿದ ವಾರ, ಬೋರ್ಡಿನ ಮೇಲೆ ತಾರೀಖು ಬರೆಯುವಾಗ ರಟ್ಟೆಯಲ್ಲಿ ಚುರ್ ಅಂದಿತು. ರಾತ್ರಿ ಮಗ್ಗುಲು ತಪ್ಪಿ ಮಲಗಿರಬೇಕು ಅಂದುಕೊಂಡೆ. ಹದಿನೈದು ದಿನದಲ್ಲಿ ನನ್ನ ಅಕ್ಷರ ಬೋರ್ಡಿನ ಮಧ್ಯಕ್ಕೆ ಇಳಿಯಿತು. ಸಂಕ್ರಾಂತಿ ಹೊತ್ತಿಗೆ ತಾರೀಖನ್ನು ಮುಂದಿನ ಬೆಂಚಿನ ಹುಡುಗಿ ಬರೆಯುತ್ತಿದ್ದಳು.

ನಮ್ಮ ಕಡೆ ಇದಕ್ಕೆ ‘ರಟ್ಟೆ ಹಿಡ್ಕಂಡೈತೆ’ ಅಂತಾರೆ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂತಾರೆ. ಸುದ್ದಿ ಗೊತ್ತಾದ ಕೂಡಲೇ ಸಲಹೆ ಶುರುವಾದವು. ‘ಕೈ ಆಡಿಸಬ್ಯಾಡ ಕಣಕ್ಕ, ರೆಸ್ಟ್ ಕೊಡು’ ಅಂತ ಪಕ್ಕದ ಮನೆಯವಳು. ‘ಸುಮ್ನೆ ಬಿಟ್ರೆ ಕಲ್ಲಾಗುತ್ತೆ, ಜೋರಾಗಿ ಜಗ್ಗಿಸು’ ಅಂತ ನಾದಿನಿ. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಯಾವಾಗ ಯಾವುದು ಅನ್ನೋದನ್ನು ಇಬ್ಬರೂ ಹೇಳಲಿಲ್ಲ. ಈ ಕಾಯಿಲೆಯಲ್ಲಿ ಇರೋ ಗುಟ್ಟೇ ಅದು. ಒಂದು ಹಂತದಲ್ಲಿ ಒಳ್ಳೇದು ಮಾಡುವ ಕೆಲಸವೇ ಇನ್ನೊಂದು ಹಂತದಲ್ಲಿ ಕೆಟ್ಟದ್ದು ಮಾಡುತ್ತದೆ. ನಾನು ಅದನ್ನು ನೋವು ತಿಂದು ಕಲಿತೆ. ನೀವು ಓದಿ ತಿಳಿದುಕೊಂಡರೆ ಸಾಕು ಅಂತ ಬರೆಯುತ್ತಿದ್ದೇನೆ.

ಮೊದಲು ಭುಜದ ಒಳಗೆ ಏನಿದೆ ನೋಡೋಣ. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ದಿಕ್ಕಿಗೆ ತಿರುಗುವ ಕೀಲು ಇದು. ತೋಳಿನ ಮೂಳೆಯ ತುದಿ ಚೆಂಡಿನಂತೆ ದುಂಡಗಿದೆ. ಅದು ಕೂರುವ ಗುಳಿ ಮಾತ್ರ ತುಂಬಾ ಚಿಕ್ಕದು, ಆಳವೂ ಇಲ್ಲ. ಚಮಚದ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಹಣ್ಣು ಬೀಳದಂತೆ ಸುತ್ತ ಒಂದು ಚೀಲ ಹಿಡಿದುಕೊಂಡಿರುತ್ತದೆ. ಡಾಕ್ಟರು ಅದನ್ನು ಕ್ಯಾಪ್ಸೂಲ್ ಅಂತಾರೆ. ನಾವು ಕೀಲಿನ ಚೀಲ ಅನ್ನೋಣ.

ಬ್ಲೌಸ್ ಹೊಲಿಸಿಕೊಂಡವರಿಗೆ ಮುಂದಿನದು ತಕ್ಷಣ ಅರ್ಥವಾಗುತ್ತದೆ. ಟೈಲರ್ ಕಂಕುಳ ಹತ್ತಿರ ಸ್ವಲ್ಪ ಸಡಿಲ ಬಿಡುತ್ತಾರೆ. ಆ ಸಡಿಲ ಇಲ್ಲದಿದ್ದರೆ ತೋಳು ಎಷ್ಟೇ ಸರಿಯಾಗಿ ಕೂತರೂ ಕೈ ಮೇಲೆ ಎತ್ತೋಕೆ ಬರೋದಿಲ್ಲ. ಕೀಲಿನ ಚೀಲದ ತಳದಲ್ಲೂ ಇಂಥದ್ದೇ ಒಂದು ಸಡಿಲ ಮಡಿಕೆ ಇದೆ. ಕೈ ಎತ್ತಿದಾಗ ಅದು ಬಿಚ್ಚಿಕೊಳ್ಳುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಈ ಚೀಲಕ್ಕೆ ಮೊದಲು ಉರಿಯೂತ ಬರುತ್ತದೆ. ಆಮೇಲೆ ಅದು ದಪ್ಪವಾಗಿ, ಒಗೆದ ಮೇಲೆ ಕುಗ್ಗಿದ ಬ್ಲೌಸಿನ ಹಾಗೆ ಕುಗ್ಗುತ್ತದೆ. ಚೆನ್ನಾಗಿರುವ ಭುಜದ ಚೀಲದಲ್ಲಿ ಸುಮಾರು 15ರಿಂದ 30 ಮಿಲಿ ದ್ರವ ಹಿಡಿಸುತ್ತದೆ. ಹಿಡಿದುಕೊಂಡ ಭುಜದಲ್ಲಿ 10 ಮಿಲಿಯೂ ಹಿಡಿಸೋದಿಲ್ಲ. ಅಂದರೆ ಎರಡು ಟೀ ಚಮಚಕ್ಕಿಂತ ಕಡಿಮೆ.

ಫ್ರೋಜನ್ ಅಂತ ಹೆಸರಿದೆ ಅಂತ ಫ್ಯಾನ್ ಗಾಳಿಯಿಂದ, ತಣ್ಣೀರು ಸ್ನಾನದಿಂದ ಬಂತು ಅಂದುಕೊಳ್ಳುವವರು ಬಹಳ. ಥಂಡಿಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿದ್ದ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಈ ಹೆಸರಿಟ್ಟರು. ಕೀಲು ಹೆಪ್ಪುಗಟ್ಟಿದಂತೆ ಅಲುಗಾಡದೆ ನಿಲ್ಲುತ್ತದೆ ಅನ್ನೋದಷ್ಟೇ ಅರ್ಥ. ಕುಗ್ಗಿದ ಚೀಲವೇ ಕಾರಣ ಅಂತ ನೆವಿಯಾಸರ್ ಎಂಬ ಇನ್ನೊಬ್ಬ ಅಮೆರಿಕನ್ ಡಾಕ್ಟರ್ 1945ರಲ್ಲಿ ತೋರಿಸಿದರು. ಜಪಾನಿನಲ್ಲಿ ಇದಕ್ಕೆ ‘ಐವತ್ತರ ಭುಜ’ ಅಂತಲೇ ಹೆಸರು. 40ರಿಂದ 60 ವರ್ಷದೊಳಗೆ ಜಾಸ್ತಿ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಸ್ವಲ್ಪ ಹೆಚ್ಚು.

ಯಾಕೆ ಬರುತ್ತದೆ? ಎಷ್ಟೋ ಜನರಲ್ಲಿ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸೋಕೆ ಆಗೋದಿಲ್ಲ. ಕೆಲವರಿಗೆ ಕೈ ಮುರಿದು ಪಟ್ಟಿ ಕಟ್ಟಿಸಿಕೊಂಡ ಮೇಲೆ ಬರುತ್ತದೆ. ಇನ್ನು ಕೆಲವರಿಗೆ ಸ್ತನದ ಆಪರೇಷನ್ ಆದ ಮೇಲೆ, ಲಕ್ವ ಹೊಡೆದ ಮೇಲೆ. ಭುಜ ಬಹಳ ದಿನ ಅಲುಗಾಡದೆ ಇದ್ದರೆ ಹೀಗಾಗುತ್ತದೆ. ಥೈರಾಯ್ಡ್ ತೊಂದರೆ ಇರುವವರಲ್ಲೂ ಹೆಚ್ಚು. ಎಲ್ಲಕ್ಕಿಂತ ಗಟ್ಟಿ ನಂಟು ಇರೋದು ಶುಗರ್ ಜೊತೆ. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬಂದರೆ, ಶುಗರ್ ಇರುವವರಲ್ಲಿ ನೂರಕ್ಕೆ 10ರಿಂದ 20 ಮಂದಿಗೆ ಬರುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದಾಗ ಅದು ಚೀಲದ ನಾರಿಗೆ ಅಂಟಿಕೊಂಡು ನಾರನ್ನು ಬಿರುಸು ಮಾಡುತ್ತದೆ ಅನ್ನೋದು ಇದಕ್ಕೆ ಕೊಡುವ ಒಂದು ಮುಖ್ಯ ವಿವರಣೆ. ಪಾಕದಲ್ಲಿ ಅದ್ದಿದ ದಾರ ಒಣಗಿದ ಮೇಲೆ ಹೇಗಿರುತ್ತೆ, ನೆನಪು ಮಾಡಿಕೊಳ್ಳಿ. ಶುಗರ್ ಇದೆ ಅಂತ ಗೊತ್ತೇ ಇಲ್ಲದ ಕೆಲವರಿಗೆ ಭುಜ ತೋರಿಸೋಕೆ ಹೋದಾಗಲೇ ಅದು ಗೊತ್ತಾಗುತ್ತದೆ. ಹಾಗಾಗಿ ಭುಜ ಹಿಡಿದುಕೊಂಡರೆ ಒಮ್ಮೆ ಶುಗರ್, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸಿ.

ಈಗ ಹಂತಗಳ ವಿಷಯ. ಇದನ್ನು ನಿಧಾನವಾಗಿ ಓದಿ.

ಮೊದಲನೆಯದು ನೋವಿನ ಹಂತ. ಸುಮಾರು 2ರಿಂದ 9 ತಿಂಗಳು. ಚೀಲದಲ್ಲಿ ಉರಿಯೂತ ಇರುವ ಕಾಲ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಕಷ್ಟ. ಆ ಕಡೆ ಮಗ್ಗುಲಾಗೋಕೆ ಆಗೋದಿಲ್ಲ. ಎಡವಿದಾಗ, ಜಾರುವ ಲೋಟ ಹಿಡಿಯೋಕೆ ಹೋದಾಗ, ಕೈ ಜರ್ಕ್ ಆದರೆ ಕಣ್ಣಲ್ಲಿ ನೀರು ಬರುತ್ತದೆ. ಒಮ್ಮೆ ಚಿತ್ರದುರ್ಗಕ್ಕೆ ತವರಿಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಇರಲಿಲ್ಲ. ಡ್ರೈವರ್ ಬ್ರೇಕ್ ಹಾಕಿದ. ನನ್ನ ಬಲಗೈ ತಾನಾಗಿಯೇ ಮೇಲಿನ ಕಂಬಿ ಹಿಡಿಯೋಕೆ ಹೋಯಿತು. ಅರ್ಧಕ್ಕೇ ನಿಂತಿತು. ಆ ಒಂದು ಕ್ಷಣದ ನೋವಿಗೆ ಕಾಲು ಕುಸಿದು ಪಕ್ಕದ ಅಜ್ಜಿಯ ಮಡಿಲಲ್ಲಿ ಕೂತುಬಿಟ್ಟೆ. ಆ ತಾಯಿ ಏನೂ ಕೇಳದೆ ನನ್ನ ಕೈಯನ್ನು ತನ್ನ ಸೆರಗಲ್ಲಿ ಸುತ್ತಿ ಹಿಡಿದುಕೊಂಡಿತು.

ಎರಡನೆಯದು ಬಿಗಿತದ ಹಂತ. ಸುಮಾರು 4ರಿಂದ 12 ತಿಂಗಳು. ನೋವು ಕಡಿಮೆಯಾಗುತ್ತಾ ಬರುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ. ಆದರೆ ಕೈ ಒಂದು ಮಿತಿ ದಾಟೋದಿಲ್ಲ. ಬಾಗಿಲಿಗೆ ಚಿಲಕ ಹಾಕಿದಂತೆ ಟಕ್ ಅಂತ ನಿಲ್ಲುತ್ತದೆ. ಮೂರನೆಯದು ಸಡಿಲವಾಗುವ ಹಂತ. ಇದು 5 ತಿಂಗಳಲ್ಲೂ ಮುಗಿಯಬಹುದು, 2 ವರ್ಷವೂ ಹಿಡಿಯಬಹುದು. ಮೂರೂ ಸೇರಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಹಂತಗಳ ನಡುವೆ ಗೆರೆ ಎಳೆದಂತೆ ಇರೋದಿಲ್ಲ, ಒಂದರೊಳಗೊಂದು ಸೇರಿಕೊಂಡಿರುತ್ತವೆ. ನೀವು ಎಲ್ಲಿದ್ದೀರಿ ಅಂತ ತಿಳಿಯೋಕೆ ಒಂದು ಸುಲಭ ಪ್ರಶ್ನೆ ಇದೆ. ನೋವು ಜಾಸ್ತಿನಾ, ಬಿಗಿತ ಜಾಸ್ತಿನಾ? ನೋವು ಜಾಸ್ತಿ ಅಂದರೆ ಇನ್ನೂ ಮೊದಲ ಹಂತ.

ನಾನು ಎಡವಿದ್ದು ಇಲ್ಲೇ. ದುಗ್ಗಮ್ಮನ ಜಾತ್ರೆ ಹತ್ತಿರ ಬಂದಿತ್ತು. ಮನೆ ತುಂಬಾ ನೆಂಟರು ಬರುವವರು. ಅಷ್ಟರಲ್ಲಿ ಕೈ ಸರಿಮಾಡಿಕೊಳ್ಳಬೇಕು ಅನ್ನೋ ಆತುರದಲ್ಲಿ ಎಣ್ಣೆ ಹಚ್ಚಿ ಎಳೆಯುವವರ ಹತ್ತಿರ ಹೋದೆ. ಅವರು ಒಂದು ಕೈಯಲ್ಲಿ ಹೆಗಲು ಒತ್ತಿ ಇನ್ನೊಂದರಲ್ಲಿ ನನ್ನ ತೋಳನ್ನು ಮೇಲಕ್ಕೆ ಜಗ್ಗಿದರು. ಉರಿಯುತ್ತಿರುವ ಚೀಲವನ್ನು ಬಲವಂತವಾಗಿ ಎಳೆದರೆ ಏನಾಗಬೇಕೋ ಅದೇ ಆಯಿತು. ಉರಿಯೂತ ಇನ್ನಷ್ಟು ಕೆರಳಿತು. ಜಾತ್ರೆಯ ಅಷ್ಟೂ ದಿನ ರೊಟ್ಟಿ ಬಡಿದದ್ದು ನಾದಿನಿ. ನಾನು ರಾತ್ರಿ ಎರಡು ಗಂಟೆಗೆ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಮತ್ತೆ ಹಳೇ ಸ್ಥಿತಿಗೆ ಬರೋಕೆ ಆರು ವಾರ ಹಿಡಿಯಿತು.

ಆಮೇಲೆ ಓದಿದಾಗ ಗೊತ್ತಾಯ್ತು, ಇದನ್ನು ಅಧ್ಯಯನ ಮಾಡಿಯೇ ನೋಡಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ 77 ರೋಗಿಗಳ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನೋವನ್ನೂ ಮೀರಿ ಜಗ್ಗಿಸುವ ಜೋರು ಚಿಕಿತ್ಸೆ. ಇನ್ನೊಂದು ಗುಂಪಿಗೆ ನೋವಿನ ಮಿತಿಯೊಳಗೆ ಮಾತ್ರ ವ್ಯಾಯಾಮ. ಎರಡು ವರ್ಷದ ಕೊನೆಗೆ ಮಿತಿಯೊಳಗೆ ಮಾಡಿದವರಲ್ಲಿ ನೂರಕ್ಕೆ 89 ಮಂದಿಯ ಭುಜ ಬಹುಪಾಲು ಸರಿಯಾಗಿತ್ತು. ಜೋರು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 63.

ಭುಜದ ನೋವೆಲ್ಲಾ ಇದೇ ಕಾಯಿಲೆ ಅಲ್ಲ ಅನ್ನೋದೂ ಮುಖ್ಯ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡೂ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಿರಿ. ಟ್ರೇ ಹಿಡಿದವರ ಹಾಗೆ ಮುಂಗೈ ಮುಂದಕ್ಕೆ ಇರಲಿ. ಈಗ ಎರಡೂ ಮುಂಗೈಗಳನ್ನು ಬಾಗಿಲು ತೆರೆದಂತೆ ಹೊರಕ್ಕೆ ತಿರುಗಿಸಿ. ಒಂದು ಕಡೆ ಸಲೀಸಾಗಿ ತೆರೆದು ಇನ್ನೊಂದು ಕಡೆ ಅಲ್ಲೇ ನಿಂತರೆ ಅನುಮಾನ ಪಡಬೇಕು. ಸಾಮಾನ್ಯವಾಗಿ ಮೊದಲು ಹೋಗುವುದೂ ಹೆಚ್ಚು ಹೋಗುವುದೂ ಈ ಹೊರತಿರುವೇ. ಆಮೇಲೆ ಬೇರೆಯವರಿಗೆ ಮೆಲ್ಲಗೆ ತಿರುಗಿಸೋಕೆ ಹೇಳಿ. ಅವರ ಕೈಯಲ್ಲೂ ಆಗದಿದ್ದರೆ ಚೀಲವೇ ಬಿಗಿದಿರುವ ಸಾಧ್ಯತೆ ಹೆಚ್ಚು.

ಚಿತ್ರದುರ್ಗದ ನಮ್ಮಣ್ಣನಿಗೆ ಹೀಗಿರಲಿಲ್ಲ. ಅವನು ಬೈಕಿನಿಂದ ಬಿದ್ದ ಮೇಲೆ ಕೈ ಎತ್ತೋಕಾಗದೆ ‘ನಿಂಗೆ ಆಗಿದ್ದೇ ನಂಗೂ ಆಗೈತೆ’ ಅಂತ ಫೋನ್ ಮಾಡಿದ. ಅತ್ತಿಗೆ ಎತ್ತಿದರೆ ಕೈ ಪೂರ್ತಿ ಮೇಲೆ ಹೋಗುತ್ತಿತ್ತು. ಬಿಟ್ಟರೆ ಬೀಳುತ್ತಿತ್ತು. ಸ್ಕ್ಯಾನ್ ಮಾಡಿಸಿದಾಗ ಮೂಳೆಗೆ ಸ್ನಾಯು ಕಟ್ಟಿಕೊಂಡಿರುವ ನಾರು ಹರಿದಿತ್ತು. ಅದಕ್ಕೆ ದಾರಿಯೇ ಬೇರೆ. ಕುತ್ತಿಗೆಯಿಂದ ನೋವು ಹೊರಟು ಬೆರಳವರೆಗೆ ಜೋಮು ಹಿಡಿದರೆ ಕುತ್ತಿಗೆಯ ನರ ನೋಡಿಸಬೇಕು. ಭುಜ ಬಿಸಿಯಾಗಿ, ಕೆಂಪಗೆ ಊದಿಕೊಂಡು ಜ್ವರ ಬಂದರೆ, ಬಿದ್ದು ಪೆಟ್ಟಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ. ಎದೆ ಹಿಂಡಿದಂತಾಗಿ, ಬೆವರು ಬಂದು, ಜೊತೆಗೆ ಭುಜ ಅಥವಾ ತೋಳು ನೋಯುತ್ತಿದ್ದರೆ ಅದು ಹೃದಯದ ತೊಂದರೆ ಇರಬಹುದು. ಆ ಗಳಿಗೆಯಲ್ಲಿ ಭುಜದ ಲೆಕ್ಕ ಬಿಟ್ಟು ನೇರ ಎಮರ್ಜೆನ್ಸಿಗೆ ಹೋಗಿ.

‘ಎಕ್ಸ್‌ರೇ ನಾರ್ಮಲ್ ಅಂದ್ರು, ಆದ್ರೆ ನನಗೆ ಪ್ರಾಣ ಹೋಗ್ತಿದೆ’ ಅಂತ ಬೇಜಾರು ಮಾಡಿಕೊಳ್ಳುವವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ನೋಡಿದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಚೀಲ ಕಾಣೋದಿಲ್ಲ. ಕೀಲು ಸವೆದಿಲ್ಲ, ಜಾರಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಅದನ್ನು ತೆಗೆಸುತ್ತಾರೆ. ನಾರ್ಮಲ್ ಬಂದರೆ ನಿಮ್ಮ ನೋವು ಸುಳ್ಳು ಅಂತ ಅಲ್ಲ. ಹೆಚ್ಚಿನವರಿಗೆ ಎಂಆರ್‌ಐ ಬೇಕಾಗೋದಿಲ್ಲ. ಮೂಳೆ ಡಾಕ್ಟರು ಕೈಯಿಂದ ತಿರುಗಿಸಿ ನೋಡಿಯೇ ಹೇಳಬಲ್ಲರು.

ಚಿಕಿತ್ಸೆಯೂ ಹಂತ ನೋಡಿಯೇ. ಮೊದಲ ಹಂತದಲ್ಲಿ ಗುರಿ ಒಂದೇ, ನೋವು ಇಳಿಸಿ ನಿದ್ದೆ ಬರಿಸೋದು. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ. ಕಿಡ್ನಿ, ಹೊಟ್ಟೆಯ ಹುಣ್ಣು, ಬಿಪಿ ಇರುವವರಿಗೆ ಕೆಲವು ಮಾತ್ರೆಗಳು ಅಪಾಯ. ಇದೇ ಹಂತದಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಹೆಚ್ಚು ಕೆಲಸ ಮಾಡುತ್ತದೆ. ಸ್ಟೀರಾಯ್ಡ್ ಅಂದ ಕೂಡಲೇ ನಾನೂ ಹೆದರಿದ್ದೆ. ದಿನಾ ನುಂಗುವ ಮಾತ್ರೆಗೂ ಕೀಲಿಗೆ ಒಮ್ಮೆ ಕೊಡುವ ಇಂಜೆಕ್ಷನ್‌ಗೂ ಬಹಳ ವ್ಯತ್ಯಾಸವಿದೆ. ಅದು ಉರಿಯೂತ ಇಳಿಸಿ ಕೆಲವು ವಾರಗಳ ನೆಮ್ಮದಿ ಕೊಡುತ್ತದೆ. ಆ ನೆಮ್ಮದಿಯ ವಾರಗಳಲ್ಲಿ ವ್ಯಾಯಾಮ ಶುರುಮಾಡಬೇಕು. ಶುಗರ್ ಇರುವವರಿಗೆ ಮಾತ್ರ ಒಂದು ಎಚ್ಚರಿಕೆ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ. ಮೊದಲೇ ಡಾಕ್ಟರಿಗೆ ಹೇಳಿ, ಆ ವಾರ ದಿನಾ ಪರೀಕ್ಷೆ ಮಾಡಿಕೊಳ್ಳಿ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರೂ ಹೇಳಲೇಬೇಕು. ಬಿಗಿತದ ಹಂತಕ್ಕೆ ಬಂದ ಮೇಲೆ, ನೋವೇ ಹೆಚ್ಚಿಲ್ಲದಾಗ, ಈ ಇಂಜೆಕ್ಷನ್‌ನಿಂದ ಅಷ್ಟು ಲಾಭ ಸಿಗೋದಿಲ್ಲ.

ರಾತ್ರಿಯ ವಿಷಯಕ್ಕೆ ಬರೋಣ, ಯಾಕೆಂದರೆ ಮನುಷ್ಯ ಸೋಲೋದು ರಾತ್ರಿಯಲ್ಲೇ. ಅಂಗಾತ ಮಲಗಿದರೆ ಮೊಣಕೈ ಕೆಳಗೆ ಒಂದು ಮಡಿಸಿದ ಟವೆಲ್ ಅಥವಾ ಸಣ್ಣ ದಿಂಬು ಇಡಿ. ತೋಳು ಹಿಂದಕ್ಕೆ ಜೋತು ಬೀಳಬಾರದು. ಮಗ್ಗುಲಾಗುವುದಾದರೆ ಚೆನ್ನಾಗಿರುವ ಕಡೆಗೆ ಮಲಗಿ, ಎದೆ ಮುಂದೆ ದಿಂಬು ತಬ್ಬಿ, ನೋಯುವ ಕೈಯನ್ನು ಅದರ ಮೇಲಿಡಿ. ನನಗೆ ಹಳೇ ಕೌದಿಯ ಸುರುಳಿ ಎಲ್ಲಾ ದಿಂಬಿಗಿಂತ ಚೆನ್ನಾಗಿ ಒಗ್ಗಿತು. ಬಟ್ಟೆ ಹಾಕುವಾಗ ನೋಯುವ ಕೈ ಮೊದಲು. ಬಿಚ್ಚುವಾಗ ಅದೇ ಕೊನೆಗೆ. ಈ ಒಂದು ಮಾತು ಗೊತ್ತಿಲ್ಲದೆ ನಾನು ಎರಡು ತಿಂಗಳು ದಿನಾ ಬೆಳಿಗ್ಗೆ ಅತ್ತಿದ್ದೇನೆ. ಹಿಂದೆ ಹುಕ್ ಇರುವ ಒಳ ಉಡುಪನ್ನು ಮುಂದೆ ಹಾಕಿಕೊಂಡು ತಿರುಗಿಸಿಕೊಳ್ಳಿ. ಜಡೆ ಹಾಕೋಕೆ ನನ್ನ ಕೈಯಲ್ಲಿ ಆಗುತ್ತಲೇ ಇರಲಿಲ್ಲ. ಕಾಲೇಜಿಗೆ ಹೊರಡುವ ಮೊದಲು ಮಗಳು ನನ್ನನ್ನು ಮಣೆ ಮೇಲೆ ಕೂರಿಸಿಕೊಂಡು, ನಾನು ಅವಳಿಗೆ ಹಾಕುತ್ತಿದ್ದ ಹಾಗೇ, ಕೂದಲನ್ನು ಮೂರು ಕಾಲು ಮಾಡಿ ಹೆಣೆಯುತ್ತಿದ್ದಳು. ಅಟ್ಟದ ಮೇಲಿದ್ದ ಮಂಡಕ್ಕಿ ಡಬ್ಬ, ಉಪ್ಪಿನಕಾಯಿ ಭರಣಿ ಎಲ್ಲಾ ಸೊಂಟದ ಮಟ್ಟಕ್ಕೆ ಇಳಿಸಿದೆವು.

ಆದರೆ ಕೈಯನ್ನು ಪೂರ್ತಿ ಕಟ್ಟಿಹಾಕಬೇಡಿ. ಕೊರಳಿಗೆ ಪಟ್ಟಿ ಹಾಕಿ ನೇತುಹಾಕಿಕೊಂಡರೆ ಬಿಗಿತ ಹೆಚ್ಚುತ್ತದೆ. ಹೆಗಲಿಗಿಂತ ಕೆಳಗಿನ ಕೆಲಸ ಎಷ್ಟು ಆಗುತ್ತೋ ಅಷ್ಟು ಮಾಡಿ. ಸೊಪ್ಪು ಬಿಡಿಸಿ, ತರಕಾರಿ ಹೆಚ್ಚಿ, ಮೊಸರು ಕಡೆಯಿರಿ.

ವ್ಯಾಯಾಮಕ್ಕೆ ಮುಂಚೆ ಹತ್ತು ನಿಮಿಷ ಬಿಸಿ ಶಾಖ ಕೊಡಿ. ಶುಗರ್ ಇರುವವರು ಬಿಸಿಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿ, ಚರ್ಮ ಸುಟ್ಟುಕೊಂಡೀರಿ. ನೋವಿನ ಹಂತದಲ್ಲಿ ಎರಡೇ ಸಾಕು. ಒಂದು ಲೋಲಕ. ಚೆನ್ನಾಗಿರುವ ಕೈಯನ್ನು ಮೇಜಿನ ಮೇಲೆ ಊರಿ ಬಗ್ಗಿ. ನೋಯುವ ಕೈ ಬಾವಿಗೆ ಇಳಿಬಿಟ್ಟ ಹಗ್ಗದಂತೆ ಜೋತಾಡಲಿ. ಮೈ ಮೆಲ್ಲಗೆ ತೂಗಿ, ಕೈ ತಾನೇ ಸಣ್ಣ ಸುತ್ತು ಸುತ್ತುತ್ತದೆ. ಒಂದೆರಡು ನಿಮಿಷ, ದಿನಕ್ಕೆ ಮೂರು ಸಲ. ಇನ್ನೊಂದು, ಮೇಜಿನ ಮೇಲೆ ಬಟ್ಟೆ ಹಾಕಿ ಅದರ ಮೇಲೆ ಅಂಗೈ ಇಟ್ಟು ಒರೆಸಿದಂತೆ ಮುಂದಕ್ಕೆ ಜಾರಿಸೋದು.

ಬಿಗಿತದ ಹಂತ ಬಂದ ಮೇಲೆ ಹಿಗ್ಗಿಸುವ ಕೆಲಸ ಶುರು. ಗೋಡೆ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಏರಿಸೋದು. ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು, ಚೆನ್ನಾಗಿರುವ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳೋದು. ನಾನು ಮುದ್ದೆ ಕೋಲನ್ನೇ ಬಳಸಿದೆ. ಬೆನ್ನ ಹಿಂದೆ ಟವೆಲ್ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯೋದು. ಹಿಗ್ಗಿಸಿದ ಕಡೆ 15ರಿಂದ 20 ಸೆಕೆಂಡ್ ನಿಲ್ಲಿಸಿ. ಕನ್ನಡಿ ಮುಂದೆ ನಿಂತು ಮಾಡಿ. ಕೈ ಏರುವ ಬದಲು ಹೆಗಲೇ ಕಿವಿ ಕಡೆ ಏರುತ್ತಿದ್ದರೆ ಮೋಸ ಆಗುತ್ತಿದೆ ಅಂತ ಅರ್ಥ. ಚೀಲ ಹಿಗ್ಗೋದಿಲ್ಲ, ಕುತ್ತಿಗೆ ನೋವು ಸೇರಿಕೊಳ್ಳುತ್ತದೆ.

ಎಷ್ಟು ಮಾಡಬೇಕು ಅನ್ನೋದಕ್ಕೆ ನಮ್ಮ ಫಿಸಿಯೋಥೆರಪಿ ಹುಡುಗಿ ಒಂದು ಅಳತೆ ಕೊಟ್ಟಳು. ‘ಮೇಡಂ, ಎಳೆತ ಇರ್ಲಿ, ಇರಿತ ಬೇಡ. ಮುಗಿಸಿ ಅರ್ಧ ಗಂಟೆಯೊಳಗೆ ನೋವು ಇಳಿಬೇಕು. ರಾತ್ರಿ ನಿದ್ದೆ ಕೆಟ್ರೆ ನೀವು ಜಾಸ್ತಿ ಮಾಡಿದ್ದೀರಿ ಅಂತ.’ ಅದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಗೋಡೆಗೆ ಗೀಟು ಹಾಕೋಕೆ ಹೇಳಿದ್ದೂ ಅವಳೇ. ದಿನಾ ನೋಡಿದರೆ ಏನೂ ಬದಲಾಗಿಲ್ಲ ಅನ್ನಿಸಿ ಕೈಬಿಟ್ಟುಬಿಡುತ್ತೇವೆ. ವಾರಕ್ಕೊಮ್ಮೆ ಗೀಟು ಹಾಕಿದರೆ ಒಂದು ಬೆರಳಿನಷ್ಟು ಏರಿದ್ದೂ ಕಾಣುತ್ತದೆ. ಒಂದೇ ಕಡೆ ಮೂರು ವಾರದ ಮೂರು ಗೀಟು ಬಿದ್ದ ಕಾಲವೂ ನನ್ನ ಗೋಡೆಯಲ್ಲಿದೆ.

‘ತಾನಾಗೇ ಹೋಗುತ್ತೆ’ ಅನ್ನೋ ಮಾತನ್ನು ಪೂರ್ತಿ ನಂಬಬೇಡಿ. ಬಹುತೇಕರಿಗೆ ತುಂಬಾ ಸುಧಾರಿಸುತ್ತದೆ, ನಿಜ. ಕೆಲವರಿಗೆ ವರ್ಷಗಳಾದರೂ ಸ್ವಲ್ಪ ಬಿಗಿತ ಉಳಿದುಬಿಡುತ್ತದೆ. ಶುಗರ್ ಇರುವವರಲ್ಲಿ ನಿಧಾನ ಹೆಚ್ಚು. ತಿಂಗಳುಗಟ್ಟಲೆ ಸರಿಯಾಗಿ ವ್ಯಾಯಾಮ ಮಾಡಿಯೂ ಜಗ್ಗದಿದ್ದರೆ ಬೇರೆ ದಾರಿಗಳಿವೆ. ಕೀಲಿನೊಳಗೆ ಸಲೈನ್ ತುಂಬಿ ಚೀಲವನ್ನು ಹಿಗ್ಗಿಸುತ್ತಾರೆ. ಅಥವಾ ಅರಿವಳಿಕೆ ಕೊಟ್ಟು ಡಾಕ್ಟರೇ ಕೈಯನ್ನು ತಿರುಗಿಸಿ ಬಿಡಿಸುತ್ತಾರೆ. ಮೂಳೆ ಟೊಳ್ಳಾಗಿದ್ದರೆ ಇದರಲ್ಲಿ ಮುರಿಯುವ ಭಯವಿದೆ. ಕೊನೆಯದು ಸಣ್ಣ ತೂತಿನ ಮೂಲಕ ಚೀಲವನ್ನು ಕತ್ತರಿಸಿ ಸಡಿಲಿಸುವ ಆಪರೇಷನ್. ಬ್ರಿಟನ್‌ನಲ್ಲಿ 503 ರೋಗಿಗಳನ್ನು ಮೂರು ಗುಂಪು ಮಾಡಿ ಹೋಲಿಸಿದ ಅಧ್ಯಯನ 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ಗುಂಪಿಗೆ ಇಂಜೆಕ್ಷನ್ ಜೊತೆ ಕ್ರಮಬದ್ಧ ಫಿಸಿಯೋಥೆರಪಿ, ಇನ್ನೊಂದಕ್ಕೆ ಅರಿವಳಿಕೆಯಲ್ಲಿ ಬಿಡಿಸೋದು, ಮತ್ತೊಂದಕ್ಕೆ ಆಪರೇಷನ್. ವರ್ಷದ ಕೊನೆಗೆ ಮೂರೂ ಗುಂಪಿನವರು ಸುಧಾರಿಸಿದ್ದರು. ಯಾವುದೂ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಮೇಲಾಗಿರಲಿಲ್ಲ. ಆಪರೇಷನ್‌ನಲ್ಲಿ ಅಪಾಯ ಸ್ವಲ್ಪ ಹೆಚ್ಚಿತ್ತು. ಹಾಗಾಗಿ ಮೊದಲ ಭೇಟಿಯಲ್ಲೇ ಯಾರಾದರೂ ಆಪರೇಷನ್ ಅಂದರೆ ಇನ್ನೊಬ್ಬ ಮೂಳೆ ಡಾಕ್ಟರನ್ನು ಕೇಳಿ ಅನ್ನೋದು ನನ್ನ ಅಭಿಪ್ರಾಯ. ನಮ್ಮೂರಿನಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಿವೆ. ಎರಡನೇ ಮಾತು ಕೇಳೋಕೆ ದೂರ ಹೋಗಬೇಕಿಲ್ಲ.

ನನ್ನ ಕೈ ಮೇಲೆ ಏರುವುದು ಪೂರ್ತಿ ಬಂದಿದೆ. ಬೋರ್ಡಿನ ಮೇಲೆ ತಾರೀಖು ಮತ್ತೆ ನಾನೇ ಬರೆಯುತ್ತೇನೆ. ಬೆನ್ನ ಹಿಂದೆ ಹೋಗುವುದು ಮಾತ್ರ ಇನ್ನೂ ನಾಲ್ಕು ಬೆರಳು ಕಡಿಮೆ ಇದೆ. ಹಿಡಿದು ಬಿಟ್ಟ ಭುಜಕ್ಕೆ ಇದು ಮತ್ತೆ ಬರೋದು ಅಪರೂಪ. ಆದರೆ ಕೆಲವರಿಗೆ ಮುಂದಿನ ವರ್ಷಗಳಲ್ಲಿ ಇನ್ನೊಂದು ಭುಜಕ್ಕೆ ಬರುತ್ತದೆ. ಅದಕ್ಕೇ ತಿಂಗಳ ಮೊದಲ ಭಾನುವಾರ, ಕ್ಯಾಲೆಂಡರ್ ಹಾಳೆ ತಿರುಗಿಸಿದ ಮೇಲೆ, ಅಲ್ಲೇ ನಿಂತು ಎರಡೂ ಮೊಣಕೈ ಪಕ್ಕೆಗೆ ಒತ್ತಿ ಮುಂಗೈ ಹೊರಕ್ಕೆ ತೆರೆದು ನೋಡುತ್ತೇನೆ. ಈ ತಿಂಗಳೂ ಎಡಗೈ ಪೂರ್ತಿ ತೆರೆಯಿತು.